ಯಾವ ಬಾಗಿಲ ಹನುಮಪ್ಪ

ಹಾನಗಲ್ ಕ್ರಾಸಿನಲ್ಲಿ ಹೊನ್ನೂರಸ್ವಾಮಿ ಲಗೇಜ್ ಆಟೋ ಹತ್ತಿದ ಮೇಲೆ ಸ್ವಪ್ನಳಿಗೆ ಉಸಿರಾಡುವುದಕ್ಕೂ ಜಾಗ ಉಳಿಯಲಿಲ್ಲ. ಇಬ್ಬರು ಕೂರುವ ಸೀಟು, ಕೂತವರು ಮೂವರು. ಬಲಕ್ಕೆ ಗಾಡಿ ಓಡಿಸುತ್ತಿದ್ದ ಅಪ್ಪ ತಿಪ್ಪಯ್ಯ, ಎಡಕ್ಕೆ ಬಾಗಿಲಿಗೆ ಒತ್ತಿಕೊಂಡ ಸೋದರಮಾವ, ನಡುವೆ ಗೇರಿಗೆ ಮೊಣಕಾಲು ತಾಗದಂತೆ ಮುದುಡಿಕೊಂಡ ಅವಳು. ಹಿಂದೆ ಸಾಮಾನು ಹಾಕುವ ಜಾಗವೆಲ್ಲ ಖಾಲಿ ಬಿದ್ದಿತ್ತು. ಅಲ್ಲಿ ಕೂರುತ್ತೇನೆಂದು ಹೇಳಿಯೂ ನೋಡಿದ್ದಳು. ಮದುವೆ ಗೊತ್ತಾದ ಹುಡುಗಿ ಮೂಟೆ ಥರ ಹಿಂದೆ ಕೂರುವುದೆಂದರೇನು ಎಂದು ಅಪ್ಪ ಬೈದ. ಬಿಸಿಲಿಗೆ ಕಪ್ಪಾಗ್ತೀಯಮ್ಮ ಎಂದು ಮಾವ ಅಂದ. ನಿಜವಾದ ಕಾರಣ ಮೂವರಿಗೂ ಗೊತ್ತಿತ್ತು. ಅವಳು ಹಿಂದೆ ಹೋದರೆ ಮುಂದೆ ಅವರಿಬ್ಬರೇ ಉಳಿಯುತ್ತಿದ್ದರು.

"ಧೂಳು ಬರ್ತೈತೆ. ಗಾಜು ಒಸಿ ಏರಿಸಾಕೆ ಹೇಳು ನಿಮ್ಮ ಮಾವಂಗೆ," ಅಂದ ತಿಪ್ಪಯ್ಯ.

ಮಾವನ ಕಿವಿ ಅಪ್ಪನ ಬಾಯಿಂದ ಮೂರು ಗೇಣು ದೂರವೂ ಇರಲಿಲ್ಲ. ಆದರೂ ಹೊನ್ನೂರಸ್ವಾಮಿ ರಸ್ತೆ ಬದಿಯ ಜಾಲಿ ಗಿಡಗಳನ್ನು ನೋಡುತ್ತ ಕೂತೇ ಇದ್ದ. ಸ್ವಪ್ನಳ ಬಾಯಿಂದ ಬರುವವರೆಗೆ ಆ ಮಾತು ಹುಟ್ಟಿಯೇ ಇಲ್ಲ ಅನ್ನುವ ಹಾಗೆ.

"ಮಾಮ, ಗಾಜು ಏರಿಸ್ಬೇಕಂತೆ."

"ಏರಿಸಾನ. ಆದ್ರೆ ಇಲ್ಲಿ ಹ್ಯಾಂಡ್ಲೇ ಇಲ್ಲ ಅಂತ ಹೇಳಮ್ಮ. ಗಾಡಿ ಇಟ್ಕೊಂಡೋರಿಗೆ ಗೊತ್ತಿರ್ಬೇಕಿತ್ತು."

"ಅಪ್ಪ, ಹ್ಯಾಂಡ್ಲ್ ಇಲ್ವಂತೆ."

"ಟವಲ್ ಅಡ್ಡ ಹಿಡ್ಕೊಳಾಕೆ ಹೇಳು. ಹೆಗಲ ಮೇಲೆ ಸುಮ್ನೆ ಶೋಕಿಗೆ ಹಾಕ್ಕೊಂಡವ್ನಾ?"

"ಮಾಮ, ಟವಲ್..." ಅಂದು ಸ್ವಪ್ನ ಅಲ್ಲಿಗೇ ನಿಲ್ಲಿಸಿ, ತಾನೇ ದುಪಟ್ಟಾ ಎಳೆದು ಮೂಗಿಗೆ ಮುಚ್ಚಿಕೊಂಡಳು. ಇನ್ನೂ ಮೊಳಕಾಲ್ಮೂರು ಬಂದಿರಲಿಲ್ಲ, ಆಗಲೇ ಅವಳ ತಲೆ ಸಿಡಿಯುತ್ತಿತ್ತು.

ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಇವರಿಬ್ಬರೂ ಮಾತು ಬಿಟ್ಟಿದ್ದು. ಈಗ ಅವಳೇ ಚಳ್ಳಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮಾತು ಬಿಟ್ಟಿದ್ದರೂ ಹೋಗಿ ಬರುವುದನ್ನು ಬಿಟ್ಟಿರಲಿಲ್ಲ. ಹಬ್ಬಕ್ಕೆ ಬರುತ್ತಿದ್ದರು, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಸಾರು ಬೇಕಾದರೆ ನಡುವೆ ಸ್ವಪ್ನ ಬೇಕು. ಅವಳು ಸಿಗದಿದ್ದರೆ ಕಂಬಕ್ಕೆ ಹೇಳುತ್ತಿದ್ದರು, ಕಂಬ ಇಲ್ಲದ ಕಡೆ ನಾಯಿಗೆ. "ನೋಡಲೇ ಕೆಂಚ, ಕೆಲವರಿಗೆ ಬಂದ ತಕ್ಷಣ ಕೈಕಾಲು ತೊಳ್ಕೊಬೇಕು ಅಂತ ಗೊತ್ತಾಗಲ್ಲ" ಎಂದು ಅಪ್ಪ ನಾಯಿಗೆ ಹೇಳಿದರೆ, "ಕೆಂಚ, ತೊಳ್ಕೊಳಾಕೆ ತೊಟ್ಟಿಯಾಗೆ ನೀರಿರ್ಬೇಕಲ್ಲೋ" ಎಂದು ಮಾವನೂ ಅದೇ ನಾಯಿಗೆ ಉತ್ತರ ಕೊಡುತ್ತಿದ್ದ. ನಾಯಿ ಬಾಲ ಅಲ್ಲಾಡಿಸುತ್ತಿತ್ತು. ಜನ ಇದನ್ನು ಮೌನ ಅನ್ನುತ್ತಿದ್ದರು. ಇದರಷ್ಟು ಗದ್ದಲದ್ದು ಇನ್ನೊಂದನ್ನು ಸ್ವಪ್ನ ಕಂಡಿರಲಿಲ್ಲ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಖಾಲಿ ಕ್ಲಾಸಿನಲ್ಲಿ ಒಬ್ಬಳೇ ಸ್ವಲ್ಪ ಹೊತ್ತು ಕೂತು ಬರುವ ಅಭ್ಯಾಸ ಅವಳಿಗಿತ್ತು. ಅದು ಮೌನ. ಇವರದು, ಇಬ್ಬರು ಗಂಡಸರು ತಮ್ಮ ಬಾಯಿ ಸವೆಯದಿರಲಿ ಎಂದು ಅವಳ ಬಾಯನ್ನು ಸವೆಸುತ್ತಿದ್ದ ಏರ್ಪಾಟು.

ಶುರುವಾದದ್ದು ಒಂದು ಟಗರಿನಿಂದ. ಕರಿಯ ಎಂದು ಅದರ ಹೆಸರು. ಅಪ್ಪ ಸಾಕಿದ್ದ. ಹುರುಳಿ ಬೇಯಿಸಿ ಹಾಕಿ, ಮೈ ತಿಕ್ಕಿ ಬೆಳೆಸಿದ್ದರಲ್ಲಿ ಮಾವನ ಪಾಲೂ ಅರ್ಧ ಇತ್ತು. ಯುಗಾದಿಯ ಮರುದಿನ ಮೊಳಕಾಲ್ಮೂರಿನಲ್ಲಿ, ಕೋಟೆ ಬೆಟ್ಟದ ಕೆಳಗಿನ ಬಯಲಿನಲ್ಲಿ ಟಗರು ಕಾಳಗ. ಮೂರನೇ ಗುದ್ದಿಗೇ ಕರಿಯ ಮುಖ ತಿರುಗಿಸಿ ಜನರ ನಡುವೆ ನುಗ್ಗಿ ಓಡಿತು. ಅಷ್ಟು ಜನರ ಎದುರಿಗೆ ತಿಪ್ಪಯ್ಯ, "ರಾತ್ರಿ ಕಾವಲಿದ್ದೋನು ಇವ್ನೇ. ಏನೋ ಕುಡಿಸವ್ನೆ" ಅಂದುಬಿಟ್ಟ. ಹೊನ್ನೂರಸ್ವಾಮಿಯ ಮುಖ ಕೆಂಪಾಯಿತು. "ಹನುಮಪ್ಪನ ಹತ್ರ ನಡೀರಿ" ಅಂದ. ಇಬ್ಬರೂ ಕೋಟೆ ಹತ್ತಿ, ಬಾಗಿಲ ಗೋಡೆಯಲ್ಲಿ ಕೆತ್ತಿದ ಹನುಮಪ್ಪನ ಎದುರು ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಅದುಮಿ, ಇನ್ನು ಮೇಲೆ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲವೆಂದು ಆಣೆ ಇಟ್ಟು ಇಳಿದು ಬಂದರು.

ಈಗ ಸ್ವಪ್ನಳ ಮದುವೆ ಇನ್ನೊಂದು ವಾರದಲ್ಲಿತ್ತು. ಹುಡುಗ ಸಿದ್ದಾಪುರದ ಲೋಹಿತ. ಹುಡುಗಿಯ ಕೈ ಹಿಡಿದು ಹಸೆಗೆ ಕರೆತರಬೇಕಾದವನು ಸೋದರಮಾವ. ಅಲ್ಲಿ ಅಡ್ಡ ಹಾಕಿದ್ದು ಅಜ್ಜಿ ಬೋರಕ್ಕ, ಹೊನ್ನೂರಸ್ವಾಮಿಯ ಹೆತ್ತ ತಾಯಿಯೇ. "ಅವ್ರಪ್ಪನ್ನ ಮಾತಾಡ್ಸಲ್ಲ ಅಂತ ಆಣೆ ಇಟ್ಟಿರೋ ಕೈಯಾಗೆ ಹುಡುಗೀನ ಹಿಡಿದ್ರೆ ಅವಳ ಬಾಳ್ವೆಗೆ ಆಗಲ್ಲ. ಎಲ್ಲಿ ಇಟ್ರೋ ಅಲ್ಲೇ ಹೋಗಿ, ಇಬ್ರೂ ಒಟ್ಟಿಗೆ ತಪ್ಪು ಕಾಣಿಕೆ ಕೊಟ್ಟು ಬಿಡಿಸ್ಕೊಂಡು ಬನ್ರಿ. ಇಲ್ಲಾಂದ್ರೆ ನಮ್ಮ ಚಿತ್ತಪ್ಪ ಕರ್ಕೊಂಡು ಬರ್ಲಿ" ಎಂದು ತೀರ್ಪು ಕೊಟ್ಟಳು.

ಚಿತ್ತಪ್ಪ ಅಮ್ಮನಿಗೆ ದೂರದ ವರಸೆಯಲ್ಲಿ ತಮ್ಮನಾಗಬೇಕು. ಸ್ವಪ್ನಳನ್ನು ನೋಡಿದಾಗಲೆಲ್ಲ "ಏನಮ್ಮ ರೂಪ, ಚೆನ್ನಾಗಿದ್ದೀಯಾ?" ಅನ್ನುತ್ತಿದ್ದ. ರೂಪ ಅವಳ ದೊಡ್ಡಪ್ಪನ ಮಗಳು. ಈ ಆಣೆ, ಕಾಣಿಕೆ ಯಾವುದರಲ್ಲೂ ಸ್ವಪ್ನಳಿಗೆ ನಂಬಿಕೆ ಇರಲಿಲ್ಲ. ಆದರೆ ಅವಳಿಗೆ ಸೈಕಲ್ ಕಲಿಸಿದ್ದು, ಕಾಲೇಜಿಗೆ ಕಳಿಸುವುದಿಲ್ಲವೆಂದು ಅಪ್ಪ ಹಟ ಹಿಡಿದಾಗ ಜಗಲಿಯ ಕಂಬದ ಎದುರು ನಿಂತು ಅಪ್ಪನಿಗೆ ಕೇಳಿಸುವ ಹಾಗೆ ಜಗಳ ಆಡಿ ಗೆದ್ದದ್ದು ಹೊನ್ನೂರಸ್ವಾಮಿ ಮಾಮ. ಹಸೆಗೆ ಹೋಗುವ ದಿನ ಅವಳಿಗೆ ಬೇಕಾಗಿದ್ದದ್ದು ಆ ಕೈ. ಅದೊಂದಕ್ಕಾಗಿ ಶಾಲೆಗೆ ರಜೆ ಹಾಕಿ, ಇಬ್ಬರನ್ನೂ ಒಪ್ಪಿಸಿ, ಈ ಗಾಡಿಯ ಗೇರಿನ ಪಕ್ಕ ಮುದುಡಿ ಕೂತಿದ್ದಳು.

ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸುವಾಗ ಲೋಹಿತನ ಫೋನ್ ಬಂತು. "ಏನು, ಅಪ್ಪ ಮಾವನ ಜೊತೆ ಕೋಟೆ ಟ್ರಿಪ್ಪಂತೆ! ಮಜಾ ಮಾಡ್ರಿ. ಫೋಟೋ ಕಳ್ಸು."

"ಕಳಿಸ್ತೀನಿ," ಅಂದು ಅವಳು ಫೋನಿಟ್ಟಳು. ಹೆಚ್ಚು ಮಾತಾಡುವ ಶಕ್ತಿಯನ್ನು ಉಳಿಸಿಕೊಳ್ಳಬೇಕಾಗಿತ್ತು.

ಮೊದಲನೇ ಬಾಗಿಲು ಹತ್ತಿರದಲ್ಲೇ ಇತ್ತು. ಎರಡು ದೊಡ್ಡ ಬಂಡೆಗಳ ನಡುವೆ ಕಲ್ಲು ಪೇರಿಸಿ ಕಟ್ಟಿದ್ದ ಗೋಡೆ, ಅದರಲ್ಲಿ ಡೊಂಕಾಗಿ ತಿರುಗುವ ದಾರಿ, ಒಳಗೆ ಕಾಲಿಟ್ಟರೆ ಬಾವಲಿಯ ವಾಸನೆ. ಎಡಗಡೆ ಗೋಡೆಯಲ್ಲಿ ಆಳೆತ್ತರದ ಹನುಮಪ್ಪ, ಒಂದು ಕೈ ಎತ್ತಿ, ತಲೆಯ ಮೇಲೆ ಬಾಲ ಬಳಸಿಕೊಂಡು ನಿಂತಿದ್ದ. ತಿಪ್ಪಯ್ಯ ಚಪ್ಪಲಿ ಬಿಟ್ಟು, ಕೈಚೀಲದಿಂದ ಕಾಯಿ, ಕರ್ಪೂರ, ಅರಿಶಿನ ಬಟ್ಟೆಯಲ್ಲಿ ಕಟ್ಟಿದ ಕಾಣಿಕೆ ಎಲ್ಲ ತೆಗೆದಿಟ್ಟ. ಸ್ವಪ್ನಳಿಗೆ ಹೋದ ಜೀವ ಬಂದಂತಾಯಿತು. ಇನ್ನೇನು, ಮುಗಿದೇ ಹೋಯಿತು. ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.

ಹೊನ್ನೂರಸ್ವಾಮಿ ಮಾತ್ರ ಚಪ್ಪಲಿ ಬಿಡಲಿಲ್ಲ. ಹನುಮಪ್ಪನನ್ನು ಒಮ್ಮೆ ಕೆಳಗಿಂದ ಮೇಲಕ್ಕೆ ನೋಡಿದ.

"ಇವನಲ್ಲಮ್ಮ," ಅಂದ.

"ಏನು ಇವನಲ್ಲ?"

"ನಾವು ಆಣೆ ಇಟ್ಟಿದ್ದು ಈ ಹನುಮಪ್ಪಂಗಲ್ಲ. ಮೇಲಿನ ಬಾಗ್ಲಾಗೆ ಇನ್ನೊಬ್ಬ ಅವ್ನೆ. ಅವ್ನಿಗೆ."

ತಿಪ್ಪಯ್ಯ ತಿರುಗಿದ. "ಇವನೇ ಅಂತ ಹೇಳು. ನಂಗೆ ಚೆನ್ನಾಗಿ ಗ್ಯಾಪಕ ಐತೆ. ಬಾಲದ ತುದಿಗೆ ಗಂಟೆ ಇತ್ತು."

"ಬಾಲದಾಗೆ ಗಂಟೆ ಇಲ್ದಿರೋ ಹನುಮಪ್ಪ ಈ ಸೀಮೆಯಾಗೆ ಎಲ್ಲೈತೆ ಅಂತ ಕೇಳಮ್ಮ. ನಾವು ನೋಡಿದ್ದು ಬಲಕ್ಕೆ ಮುಖ ಮಾಡಿದ್ದ. ಚೂಡು, ಇವ್ನು ಎಡಕ್ಕೆ ನೋಡ್ತಾವ್ನೆ." ಹೊನ್ನೂರಸ್ವಾಮಿಗೆ ಸಿಟ್ಟು ಬಂದರೆ ಮಾತಿನಲ್ಲಿ ತೆಲುಗು ನುಸುಳುತ್ತಿತ್ತು. ಅವನ ಹೆಂಡತಿಯ ಊರು ಗಡಿಯ ಆಚೆ.

"ಇದಿರಾಗಿ ನಿಂತ್ರೆ ಎಡ, ಅವನ ಕಡೆಯಿಂದ ಬಲ. ಅಷ್ಟೂ ಗೊತ್ತಾಗಲ್ವಾ ಅಂತ ಕೇಳು!"

ಸ್ವಪ್ನ ಯಾರಿಗೂ ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಇಬ್ಬರೂ ಕಿರುಚುತ್ತಿದ್ದರು. ಆದರೆ ಅವರಿಬ್ಬರ ಮುಖ ಮಾತ್ರ ಅವಳ ಕಡೆಗೇ ಇತ್ತು. ಬೈಗುಳಗಳೆಲ್ಲ ಅವಳಿಗೇ ಬಂದು ತಾಗುತ್ತಿದ್ದವು.

"ನಿಲ್ಸ್ರಿ," ಅಂದಳು. "ಒಂದು ಕೆಲಸ ಮಾಡಾನ. ಇಲ್ಲೂ ತಪ್ಪು ಕಾಣಿಕೆ ಕೊಡಾನ, ಮೇಲೆ ಹೋಗಿ ಅಲ್ಲೂ ಕೊಡಾನ. ಯಾವ ಹನುಮಪ್ಪ ಆದ್ರೇನು?"

ಇಬ್ಬರೂ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಈ ಸಂಗತಿಯಲ್ಲಿ ಅವರಿಬ್ಬರಿಗೂ ಒಮ್ಮತ ಇದ್ದದ್ದು ಕಂಡು ಅವಳಿಗೆ ಇನ್ನಷ್ಟು ಉರಿಯಿತು. ಮನೆಗೆ ಫೋನ್ ಮಾಡಿದಳು. ಅಮ್ಮ ಗೀತಮ್ಮ ಎತ್ತಿ, "ನಂಗ್ಯಾಕೆ ಕೇಳ್ತೀಯ ತಾಯಿ, ನಿಮ್ಮಜ್ಜಿಗೇ ಕೇಳು" ಎಂದು ಫೋನನ್ನು ಬೋರಕ್ಕನ ಕೈಗೆ ದಾಟಿಸಿದಳು.

ಅಜ್ಜಿ ಎಲ್ಲ ಕೇಳಿ ಅಂದಳು: "ಅಯ್ಯೋ, ಹಂಗೆಲ್ಲ ಮಾಡ್ಬ್ಯಾಡ್ರಿ. ಆಣೆ ಇಡದ ದೇವರ ಮುಂದೆ ತಪ್ಪಾಯ್ತು ಅಂದ್ರೆ, ಮಾಡದ ತಪ್ಪನ್ನ ಒಪ್ಕೊಂಡಂಗೆ. ಅದು ಬೇರೆ ಮೈಮೇಲೆ ಬರ್ತೈತೆ. ಯಾವ ಬಾಗ್ಲು ಅಂತ ಸರಿಯಾಗಿ ನೆನಪು ಮಾಡ್ಕೊಳಾಕೆ ಹೇಳು ಇಬ್ರಿಗೂ."

ಹೇಳು, ಹೇಳು, ಹೇಳು. ಹುಟ್ಟಿದಾಗಿನಿಂದ ಈ ಮನೆಯವರು ತನಗೆ ಬೇರೆ ಯಾವ ಕ್ರಿಯಾಪದವನ್ನಾದರೂ ಕೊಟ್ಟಿದ್ದಾರೆಯೇ ಎಂದು ಯೋಚಿಸುತ್ತ ಸ್ವಪ್ನ ಕಾಯಿ ಕರ್ಪೂರವನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿದಳು.

ಮೇಲಿನ ದಾರಿ ಕಡಿದಾಗಿತ್ತು. ಬಂಡೆಯಲ್ಲಿ ಕಡಿದ ಮೆಟ್ಟಿಲು ಕೆಲವು ಕಡೆ ಸವೆದು ಬರೀ ಗುರುತು ಉಳಿದಿದ್ದವು. ಎರಡೂ ಬದಿ ಸೀತಾಫಲದ ಪೊದೆ, ಕತ್ತಾಳೆ. ಕಾಲೇಜಿನ ನಾಲ್ಕೈದು ಹುಡುಗರು ಬುರುಜಿನ ಮೇಲೆ ನಿಂತು ಫೋನಿಗೆ ಕತ್ತಿ ಝಳಪಿಸುವಂತೆ ಕೈ ಬೀಸುತ್ತಿದ್ದರು. ಪಾಳೆಯಗಾರರ ಕಾಲದಲ್ಲಿ ಇಲ್ಲಿ ಎಷ್ಟು ಜನ ಕಾವಲಿದ್ದರೋ, ಅವರಲ್ಲೂ ಮಾತು ಬಿಟ್ಟವರು ಇದ್ದರೋ ಏನೋ. ಇದ್ದಿದ್ದರೆ ಶತ್ರು ಬಂದ ಸುದ್ದಿಯನ್ನು ಒಬ್ಬ ಬುರುಜಿನವನು ಇನ್ನೊಬ್ಬನಿಗೆ ಹೇಗೆ ಮುಟ್ಟಿಸುತ್ತಿದ್ದ? ನಡುವೆ ಒಬ್ಬ ಸೊಸೆಯನ್ನೋ ಮಗಳನ್ನೋ ನಿಲ್ಲಿಸಿರುತ್ತಿದ್ದರು. ಕೋಟೆ ಹೋದದ್ದು ಹಾಗೆಯೇ ಇರಬೇಕು.

"ನಿಧಾನಕ್ಕೆ ಹತ್ತಾಕೆ ಹೇಳಮ್ಮ ಅವ್ರಿಗೆ," ಹಿಂದಿನಿಂದ ಮಾವ ಅಂದ. "ಬಿಪಿ ಐತೆ."

"ನಂದೇನು ನೋಡೋದು, ಮುಂದೆ ನೋಡ್ಕೊಂಡು ಬರಾಕೆ ಹೇಳು," ಮುಂದಿನಿಂದ ಅಪ್ಪ ಅಂದ.

ಎರಡನೇ ಬಾಗಿಲಲ್ಲಿ ಹನುಮಪ್ಪನೇನೋ ಇದ್ದ. ಆದರೆ ಯಾವುದೋ ಯುವಕ ಸಂಘದವರು ಭಕ್ತಿ ಹೆಚ್ಚಾಗಿ ಅವನಿಗೆ ಅಡಿಯಿಂದ ಮುಡಿಯವರೆಗೆ ಕೇಸರಿ ಪೇಂಟ್ ಬಳಿದಿದ್ದರು. ಮೇಲೆ ಬಿಳಿ ಬಣ್ಣದಲ್ಲಿ ಎರಡು ಕಣ್ಣು ಬರೆದಿದ್ದರು. ಕಣ್ಣು ನೇರವಾಗಿ ಎದುರಿಗೆ ನೋಡುತ್ತಿದ್ದವು. ಮುಖ ಎಡಕ್ಕೋ ಬಲಕ್ಕೋ ಎಂದು ಹೇಳಲು ಇನ್ನು ಆ ದೇವರಿಂದಲೇ ಆಗಬೇಕಿತ್ತು.

"ಇವನೇ," ಅಂದ ಹೊನ್ನೂರಸ್ವಾಮಿ. ದನಿಯಲ್ಲಿ ಮೊದಲಿನ ಧೈರ್ಯ ಇರಲಿಲ್ಲ.

"ಸಾಧ್ಯಾನೇ ಇಲ್ಲ ಅಂತ ಹೇಳು," ತಿಪ್ಪಯ್ಯ ಏದುಸಿರು ಬಿಡುತ್ತ ಅಂದ. "ಈ ದಾರೀನಾ ನೋಡು. ಅವತ್ತಿನ ಸ್ಥಿತೀಲಿ ನಾವಿಬ್ರೂ ಇಲ್ಲೀಗಂಟ ಹತ್ತಾಕಾಗ್ತಿತ್ತಾ?"

ಮಾತು ಬಾಯಿಂದ ಬಿದ್ದ ಮೇಲೆ ಅಪ್ಪ ತುಟಿ ಕಚ್ಚಿಕೊಂಡದ್ದನ್ನು ಸ್ವಪ್ನ ನೋಡಿದಳು.

"ಯಾವ ಸ್ಥಿತೀಲಿ?"

ಅಪ್ಪ ಬಂಡೆಯ ಮೇಲಿನ ಓತಿಕ್ಯಾತವನ್ನು ನೋಡತೊಡಗಿದ. ಮಾವ ಟವಲ್ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ.

"ಮಾಮ, ಯಾವ ಸ್ಥಿತಿ?"

"ಹಬ್ಬ ಅಲ್ವೇನಮ್ಮ. ಒಸಿ..."

"ಒಸಿ?"

"ಒಸಿ ಜಾಸ್ತಿ."

ಸ್ವಪ್ನ ಚೀಲವನ್ನು ನೆಲಕ್ಕಿಟ್ಟಳು. "ಅಂದ್ರೆ ಇಬ್ರೂ ಕುಡಿದಿದ್ರಿ. ಯಾವ ಬಾಗ್ಲು, ಯಾವ ದೇವ್ರು, ಏನಂದ್ರಿ, ಏನೂ ನೆನಪಿಲ್ಲ. ಇಷ್ಟು ವರ್ಷ ನಮ್ಮನೇಲಿ ದೇವರ ಆಣೆ, ದೇವರ ಆಣೆ ಅಂತ ನಾನು ಸಾರು ಬಡಿಸಿದ್ದು, ಫೋನ್ ಹಿಡಿದಿದ್ದು, ಕರೆಂಟ್ ಹೋದ್ರೆ ಇವ್ರು ಅವ್ರಿಗೆ ಬ್ಯಾಟ್ರಿ ಎಲ್ಲೈತೆ ಅಂತ ಕೇಳಾಕೂ ನಾನೇ ಓಡಿದ್ದು..."

"ಆಣೆ ಇಟ್ಟಿದ್ದು ನಿಜ," ಅಂದ ಅಪ್ಪ.

"ಕೈ ಸುಟ್ಟಿತ್ತು," ಅಂದ ಮಾವ.

ಮತ್ತೆ ಒಮ್ಮತ.

"ಮೇಲೆ ಇನ್ನೊಂದು ಬಾಗ್ಲೈತೆ," ಮಾವ ಮೆಲ್ಲಗೆ ಅಂದ. "ಅದನ್ನೂ ನೋಡಿಬಿಟ್ರೆ..."

ಕಾಲೇಜು ಹುಡುಗರಲ್ಲೊಬ್ಬ ಕೆಳಗಿಳಿಯುತ್ತ, "ಅಂಕಲ್, ಮೂರೂ ಜನದ ಒಂದು ಫೋಟೋ ತೆಗೀಲಾ? ಹಿಂದೆ ವ್ಯೂ ಚೆನ್ನಾಗೈತೆ" ಎಂದು ಕೇಳಿದ. ಸ್ವಪ್ನಳ ಮುಖ ನೋಡಿ, ಉತ್ತರಕ್ಕೆ ಕಾಯದೆ ಸರಸರನೆ ಇಳಿದು ಹೋದ.

ಮೂರನೇ ಬಾಗಿಲೆಂದರೆ ಎರಡು ಕಲ್ಲು ಕಂಬ ಮಾತ್ರ. ಗೋಡೆ ಯಾವ ಕಾಲದಲ್ಲೋ ಬಿದ್ದು ಹೋಗಿತ್ತು. ಹನುಮಪ್ಪ ಇರಲಿಲ್ಲ, ಇದ್ದ ಗುರುತೂ ಇರಲಿಲ್ಲ. ಅಲ್ಲಿಂದಾಚೆ ಬಯಲು, ಒಣಗಿದ ಒಂದು ಹೊಂಡ, ಕೆಳಗೆ ಊರಿನ ಮಾಳಿಗೆಗಳು, ಇನ್ನೂ ಆಚೆ ಒಂದರ ಹಿಂದೊಂದು ಬಂಡೆ ಗುಡ್ಡಗಳು. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಇಲ್ಲಿ ಸಂಜೆಯವರೆಗೆ ಒಬ್ಬಳೇ ಕೂತಿರುತ್ತಿದ್ದಳು.

ಒಂದು ದೊಡ್ಡ ಬಂಡೆಗುಂಡಿನ ನೆರಳಿನಲ್ಲಿ ಮೂವರೂ ಕೂತರು. ಆಗಲೂ ಅವಳೇ ನಡುವೆ. ನೀರಿನ ಬಾಟಲಿ ಅಪ್ಪನಿಂದ ಅವಳಿಗೆ, ಅವಳಿಂದ ಮಾವನಿಗೆ ಹೋಯಿತು.

"ಹೆಂಗೆ ಮಾಡಾನ ಅಂತ ಕೇಳು," ಅಂದ ಅಪ್ಪ.

"ಅವ್ರು ಹೆಂಗಂದ್ರೆ ಹಂಗೆ ಅಂತ ಹೇಳು," ಅಂದ ಮಾವ. "ಆದ್ರೆ ಕೆಳಗಿನ ಬಾಗ್ಲು ಮಾತ್ರ ಅಲ್ಲ."

"ಅಲ್ಲಾಂದ್ರೆ ಬ್ಯಾಡ ಬಿಡು. ಎರಡನೇದಕ್ಕೆ ನಾನಂತೂ ಕೈ ಮುಗಿಯಲ್ಲ. ಮಾಡದ ತಪ್ಪು ಮೈಮೇಲೆ ಬರೋದು ಬ್ಯಾಡ."

ಸ್ವಪ್ನ ಎದ್ದು ನಿಂತಳು. ಸಿಟ್ಟು ಬರುತ್ತದೆಂದುಕೊಂಡಿದ್ದಳು. ಬಂದದ್ದು ಬರೀ ಸುಸ್ತು.

"ನಡೀರಿ, ಇಳಿಯಾನ," ಅಂದಳು. "ಯಾವ ಬಾಗ್ಲೂ ಬ್ಯಾಡ. ಚಿತ್ತಪ್ಪ ಮಾಮಂಗೇ ಹೇಳ್ಕಳಿಸ್ತೀನಿ. ಅವತ್ತು ಎಲ್ಲಾರ ಮುಂದೆ ನನ್ನ ರೂಪ ಅಂತ ಕರೀಲಿ, ಪರ್ವಾಗಿಲ್ಲ. ನಾನು ಅವ್ರ ಕೈ ಹಿಡ್ಕೊಂಡೇ ಹಸೆಗೆ ಬರ್ತೀನಿ. ನೀವಿಬ್ರೂ ಚಪ್ಪರದಾಗೆ ಒಂದೊಂದು ಕಂಬ ನೋಡ್ಕೊಂಡು ಕೂತ್ಕೊಳ್ರಿ. ನಡುವೆ ಯಾರನ್ನ ಕೂರಿಸ್ಕೋತೀರೋ ಕೂರಿಸ್ಕೊಳ್ರಿ. ನಾನಂತೂ ಆ ಮನೇಲಿ ಇರಲ್ಲ."

ಹೊನ್ನೂರಸ್ವಾಮಿ ತಲೆ ಎತ್ತಲಿಲ್ಲ. ಬಾಟಲಿಯ ಮುಚ್ಚಳವನ್ನು ಹಾಕಲು ಹೋದ. ಮುಚ್ಚಳ ಕೈತಪ್ಪಿ ಬಂಡೆಯ ಮೇಲೆ ಉರುಳಿ ತಿಪ್ಪಯ್ಯನ ಕಾಲ ಬಳಿ ನಿಂತಿತು. ತಿಪ್ಪಯ್ಯ ಅದನ್ನು ಎತ್ತಿಕೊಂಡು, ಕೊಡದೆ, ಬೆರಳಲ್ಲಿ ತಿರುಗಿಸುತ್ತ ಕೂತ.

"ಸ್ವಪ್ನ. ನಿಮ್ಮ ಮಾವಂಗೆ ಹೇಳು. ಕರಿಯನ ಕಾಲಾಗೆ ಮುಳ್ಳಿತ್ತು ಅಂತ. ಮುಂದಿನ ಎಡಗಾಲು, ಗೊರಸಿನ ಸಂದೀಲಿ. ಜಾಲಿ ಮುಳ್ಳು. ಅವತ್ತು ಮನೆಗೆ ಬಂದ ಮೇಲೆ ನೋಡ್ದೆ. ಅದಕ್ಕೇ ತಿರುಗಿ ಓಡಿದ್ದು. ಯಾರೂ ಏನೂ ಕುಡಿಸಿರಲಿಲ್ಲ ಅಂತ ಹೇಳು."

ಗಾಳಿ ಅವಳ ದುಪಟ್ಟಾವನ್ನು ಎಳೆಯುತ್ತಿತ್ತು. ಹೊನ್ನೂರಸ್ವಾಮಿ ಅವಳ ಕಡೆ ನೋಡಿದ. ಕೇಳಿಸಿಕೊಂಡವನ ಮುಖವೇ ಅದು, ಆದರೂ ಅಭ್ಯಾಸ ಬಿಡಲಿಲ್ಲ. "ಏನಂತಮ್ಮಾ?"

ಬಾಯಿ ತೆರೆದವಳು ಮುಚ್ಚಿದಳು. ಎಷ್ಟೋ ಮಾತುಗಳನ್ನು ಅವಳು ಈ ಕಿವಿಯಿಂದ ಆ ಕಿವಿಗೆ ಸಾಗಿಸಿದ್ದಳು. ಗಾಜು, ಟವಲ್, ಸಾರು, ಮಳೆ, ಹಬ್ಬ. ಇದನ್ನು ಮಾತ್ರ ಸಾಗಿಸಲಾರೆ ಅನ್ನಿಸಿತು.

"ಇದನ್ನ ನಾನು ಹೇಳಲ್ಲ ಅಪ್ಪ."

"ಹೇಳವ್ವ."

"ಇಲ್ಲ."

"ಆಣೆ ಐತಲ್ಲ ತಾಯಿ. ನಾನು ಹೆಂಗೆ..."

ಅವಳು ಅಲ್ಲಿಂದ ನಡೆದು ಹೊಂಡದ ಅಂಚಿಗೆ ಹೋಗಿ ಕೂತಳು. ಬೆನ್ನು ಅವರ ಕಡೆಗೆ. ಹಿಂದೆ ಏನೂ ಕೇಳಿಸಲಿಲ್ಲ. ನಡುವೆ ಯಾರೂ ಇಲ್ಲದೆ ಅವರಿಬ್ಬರೇ ಒಂದು ಕಡೆ ಕೂತದ್ದು ಅವಳಿಗೆ ನೆನಪಿರುವಂತೆ ಇದೇ ಮೊದಲು. ಹೊಂಡದ ತಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಒಂದು ಗೊರವಂಕ ಬಂದು ಅಲ್ಲಿ ಕೊಕ್ಕು ಹಾಕಿ ನೋಡಿ, ಏನೂ ಸಿಗದೆ ಹಾರಿಹೋಯಿತು. ಈಗ ಎದ್ದು ಹೋಗಿ ಹೇಳಿಬಿಡಲೇ ಎಂದು ಅವಳಿಗೆ ಎರಡು ಸಲ ಅನ್ನಿಸಿತು. ಎರಡು ಸಲವೂ ಕಲ್ಲನ್ನು ಹಿಡಿದುಕೊಂಡು ಕೂತಳು.

"ಹೊನ್ನೂರ," ಅಂದ ತಿಪ್ಪಯ್ಯ.

ಅವಳು ತಿರುಗಿ ನೋಡಲಿಲ್ಲ. ಅಪ್ಪನ ಬಾಯಲ್ಲಿ ಆ ಹೆಸರು ಹೇಗಿರುತ್ತದೆಂಬುದೇ ಅವಳಿಗೆ ಮರೆತು ಹೋಗಿತ್ತು. 'ನಿಮ್ಮ ಮಾವ', 'ಅವನು', 'ಕೆಲವರು' ಇಷ್ಟೇ.

"ಮುಳ್ಳಿತ್ತು ಕಣೋ."

ಮಾವನ ಉತ್ತರ ಬಂತು. "ಗೊತ್ತು. ಅಕ್ಕ ಹೇಳಿದ್ಲು. ಮಾರನೇ ದಿನಾನೇ."

ಸ್ವಪ್ನಳಿಗೆ ಕಲ್ಲಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಮ್ಮನಿಗೆ ಗೊತ್ತಿತ್ತು. ಮಾವನಿಗೆ ಗೊತ್ತಿತ್ತು. ಅಪ್ಪನಿಗಂತೂ ಗೊತ್ತೇ ಇತ್ತು. ಹಾಗಾದರೆ ಇಷ್ಟು ವರ್ಷ ಅವಳು ಇವರ ನಡುವೆ ಹೊತ್ತು ಓಡಾಡಿದ್ದಾದರೂ ಏನನ್ನು?

"ಗೊತ್ತಿದ್ದೂ..." ಅಂದ ತಿಪ್ಪಯ್ಯ.

"ನೀವು ಹೇಳ್ತೀರೇನೋ ಅಂತ ನೋಡ್ದೆ. ಮೊದಲ್ನೇ ವರ್ಷ ನೋಡ್ದೆ. ನಮ್ಮಪ್ಪ ಸತ್ತ ದಿನ ನೋಡ್ದೆ. ಮಣ್ಣು ಹಾಕುವಾಗ ನನ್ನ ಪಕ್ಕದಾಗೇ ನಿಂತಿದ್ರಿ. ಅವತ್ತು ಟಗರಿನ ಸುದ್ದಿ ಬ್ಯಾಡಾಗಿತ್ತು ಭಾವ. ಹೊನ್ನೂರ ಅಂದಿದ್ರೂ ಸಾಕಾಗಿತ್ತು."

"ಆಣೆ ಇತ್ತಲ್ಲೋ."

"ಈಗ್ಲೂ ಐತೆ. ಇನ್ನೂ ಬಿಡಿಸಿಲ್ಲ. ಈಗ ಹೆಂಗೆ ಬಂತು ಮಾತು?"

ಅಷ್ಟರಲ್ಲಿ ಸ್ವಪ್ನಳ ಫೋನ್ ಹೊಡೆದುಕೊಂಡಿತು. ಅಜ್ಜಿ. ಬೆಟ್ಟದ ನೆತ್ತಿಯಲ್ಲಿ ಸಿಗ್ನಲ್ ಚೆನ್ನಾಗಿತ್ತು, ಮುದುಕಿಯ ದನಿ ಹೊಂಡದ ಆಚೆಗೂ ಕೇಳಿಸುವಷ್ಟು.

"ಆಯ್ತೇನೇ? ಯಾವ ಬಾಗ್ಲು ಅಂತ ಗೊತ್ತಾಯ್ತೇನೇ? ಬಿಡಿಸಿದ್ರಾ?"

ಸ್ವಪ್ನ ಎದ್ದು ಬಂದಳು. ಫೋನನ್ನು ಸ್ಪೀಕರಿಗೆ ಹಾಕಿ ಇಬ್ಬರ ನಡುವಿನ ಬಂಡೆಯ ಮೇಲೆ ಇಟ್ಟು ಹಿಂದೆ ಸರಿದು ನಿಂತಳು. ಫೋನು ಕಿರುಚುತ್ತಲೇ ಇತ್ತು. ಅಪ್ಪ ಮಾವನನ್ನು ನೋಡಿದ, ಮಾವ ಫೋನನ್ನು ನೋಡಿದ. ಕೊನೆಗೆ ಹೊನ್ನೂರಸ್ವಾಮಿಯೇ ಬಗ್ಗಿದ.

"ಅವ್ವಾ, ನಾನು. ಬಿಡಿಸ್ಲಿಲ್ಲ. ಮುರೀತು."

"ಹಾಂ? ಯಾರು ಮುರಿದ್ರು?"

"ಭಾವ."

"ಅಯ್ಯೋ ದೇವರೇ! ಕಾಣಿಕೆ ಕೊಡ್ದಂಗೆ ಮುರಿದ್ರಾ? ಹಂಗಾದ್ರೆ ಆ ಹುಡುಗೀನ ನೀನು ಮುಟ್ಟಂಗೇ ಇಲ್ಲ, ಹೇಳ್ತೀನಿ ಕೇಳು, ಚಿತ್ತಪ್ಪಂಗೇ..."

"ಹಸೆಗೆ ನಾನೇ ಕರ್ಕೊಂಡು ಬರ್ತೀನವ್ವ. ಆಗೋದು ಹೋಗೋದು ಇದ್ರೆ ನಂಗಾಗ್ಲಿ."

ತಿಪ್ಪಯ್ಯ ಫೋನಿನ ಮೇಲೆ ಬಾಗಿದ. "ಅತ್ತೆ, ಮುರಿದೋನು ನಾನು. ಆಗೋದಿದ್ರೆ ನಂಗಾಗ್ಬೇಕು, ಅವನಿಗ್ಯಾಕೆ?"

"ಕೈ ಹಿಡಿಯೋನು ನಾನಲ್ವ ಭಾವ?"

"ಹಿಡಿದ್ರೆ ಏನಾಯ್ತು? ಬಾಯಿ ಬಿಟ್ಟೋನು ಯಾರು?"

"ಬಾಯಿ ಈಗ ಬಿಟ್ರಿ, ಮಣ್ಣು ಹಾಕುವಾಗ ಬಿಡ್ಲಿಲ್ಲ."

ಅಪ್ಪ ಮತ್ತೆ ಮುಚ್ಚಳ ತಿರುಗಿಸತೊಡಗಿದ. ಅದು ಅಲ್ಲಿಗೆ ಮುಗಿಯುವಂಥದ್ದಲ್ಲ, ಇವತ್ತು ಮುಗಿಯುವಂಥದ್ದಂತೂ ಅಲ್ಲ ಎಂದು ಸ್ವಪ್ನಳಿಗೆ ತಿಳಿಯಿತು. ಫೋನಿನೊಳಗೆ ಅಜ್ಜಿ ಯಾರಿಗೋ, "ಗೀತಾ, ಬಾರೇ ಇಲ್ಲಿ, ಇಬ್ರೂ ಮಾತಾಡ್ತಾವ್ರೆ, ಜಗಳ ಆಡ್ತಾವ್ರೆ!" ಎಂದು ಕೂಗಿ ಹೇಳುತ್ತಿದ್ದಳು. ಸ್ವಪ್ನ ಬಗ್ಗಿ ಫೋನ್ ಆರಿಸಿದಳು.

ಇಳಿಯುವಾಗ ಅವಳು ಹಿಂದೆ ಉಳಿದಳು. ಅವರಿಬ್ಬರೂ ಮುಂದೆ, ನಡುವೆ ನಾಲ್ಕು ಮಾರು ಅಂತರ ಬಿಟ್ಟು, ಒಬ್ಬರನ್ನೊಬ್ಬರು ನೋಡದೆ ಇಳಿಯುತ್ತಿದ್ದರು. ಕೇಸರಿ ಹನುಮಪ್ಪನ ಎದುರು ಇಬ್ಬರೂ ಕೈ ಮುಗಿದರು, ಇಬ್ಬರೂ ಬೇರೆ ಬೇರೆಯಾಗಿ, ಬೇಗಬೇಗ, ಸಾಲ ಕೊಟ್ಟವನ ಮನೆ ಮುಂದೆ ಹಾದು ಹೋಗುವವರಂತೆ. ಅದನ್ನು ದಾಟಿ ಕಡಿದಾದ ಮೆಟ್ಟಿಲಿಗೆ ಬಂದಾಗ ಹೊನ್ನೂರಸ್ವಾಮಿ ನಿಂತು ತಿರುಗಿ ಅವಳನ್ನು ಕೂಗಿದ.

"ಅಮ್ಮಾ, ಮದುವೆಗೆ ನಾನು ಯಾವಾಗ ಬರ್ಬೇಕು ಅಂತ ನಿಮ್ಮಪ್ಪಯ್ಯನ್ನ ಕೇಳು."

ಅವಳು ಕಾಲಿಡುವ ಕಲ್ಲನ್ನೇ ನೋಡುತ್ತ ಇಳಿದಳು. ಕೇಳಿಸಿಕೊಂಡ ಗುರುತು ತೋರಿಸಲಿಲ್ಲ. ಅವನು ಕಾದ. ತಿಪ್ಪಯ್ಯನೂ ಒಂದು ಮೆಟ್ಟಿಲು ಕೆಳಗೆ ಬೆನ್ನು ಹಾಕಿಕೊಂಡು, ಅವಳ ದನಿಗಾಗಿ ಕಾದ. ಅವಳು ಅವರ ಹತ್ತಿರ ಬಂದಳು, ಪಕ್ಕದ ಬಂಡೆ ಹಿಡಿದುಕೊಂಡು ಇಬ್ಬರನ್ನೂ ದಾಟಿದಳು, ಇಳಿಯುತ್ತಲೇ ಹೋದಳು.

ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದು.

"ಯಾವಾಗ ಬರ್ಲಿ?"

"ಹಿಂದಿನ ದಿನಾನೇ ಬಾ," ಅಂದ ತಿಪ್ಪಯ್ಯ. "ಚಪ್ಪರ ಹಾಕಾಕೆ ಜನ ಇಲ್ಲ."